ಸ್ಕೂಬಲ್‌ನನ್ನು ಈಗಲೇ ಕೊಟ್ಟುಬಿಡಬೇಕಾ?

ಪ್ರಶ್ನೆ: ನಾವು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇವೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ನನ್ನ ಮಗ. ಅವನಿಗೆ 12 ವರ್ಷ. ಇಲ್ಲಿನ ಟೈಗರ್ಸ್ ತಂಡ ಅಂದರೆ ಪ್ರಾಣ, ಅದರಲ್ಲೂ ಪಿಚರ್ (ಕ್ರಿಕೆಟ್‌ನ ಬೌಲರ್ ಹಾಗೆ ಚೆಂಡು ಎಸೆಯುವವನು) ಟ್ಯಾರಿಕ್ ಸ್ಕೂಬಲ್ ಅಂದರೆ ಇನ್ನೂ ಜಾಸ್ತಿ. 2026ರ ಸೀಸನ್ ಮುಗಿದ ಕೂಡಲೇ ಸ್ಕೂಬಲ್ ಫ್ರೀ ಏಜೆಂಟ್ ಆಗುತ್ತಾನೆ, ಅಂದರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಸುಮ್ನೆ ಕಳೆದುಕೊಳ್ಳುವ ಬದಲು ಈಗಲೇ ಟ್ರೇಡ್ ಮಾಡಿ ನಾಲ್ಕು ಒಳ್ಳೆಯ ಹುಡುಗರನ್ನು ತರಬೇಕು ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಮಗನಿಗೆ ಈ ಮಾತು ಕೇಳಿದರೇ ಅಳು ಬರುತ್ತದೆ. ಯಾರು ಸರಿ?

ಉತ್ತರ: ನಾನು ನಿಮ್ಮ ಮಗನ ಕಡೆ. ಇದು 2026ರ ಜನವರಿ ಕೊನೆ, ಸೀಸನ್ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಇವತ್ತಿನ ಸ್ಥಿತಿ ನೋಡಿದರೆ ಟೈಗರ್ಸ್ ಸ್ಕೂಬಲ್‌ನನ್ನು ಇಟ್ಟುಕೊಳ್ಳಬೇಕು. ನವೆಂಬರ್‌ನಲ್ಲಿ ಅವನು ಎದ್ದು ಹೋದರೂ ಪರವಾಗಿಲ್ಲ. ಆದರೆ ನಿಮ್ಮ ಆಫೀಸಿನವರು ಹೇಳುವುದು ತಲೆಬುಡವಿಲ್ಲದ ಮಾತೇನೂ ಅಲ್ಲ. ಎಷ್ಟೋ ತಂಡಗಳು ಅದೇ ಲೆಕ್ಕ ಹಾಕಿ ಗೆದ್ದಿವೆ. ಡೆಟ್ರಾಯಿಟ್ ವಿಷಯದಲ್ಲಿ ಆ ಲೆಕ್ಕ ಎಲ್ಲಿ ಕೂಡಿಬರುವುದಿಲ್ಲ ಅನ್ನುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಯಮ. ಮೇಜರ್ ಲೀಗ್‌ನಲ್ಲಿ (ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್) ಒಬ್ಬ ಆಟಗಾರ ಸುಮಾರು ಆರು ವರ್ಷ ತಂಡದ ಹಿಡಿತದಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ತಂಡ ಕೊಟ್ಟಷ್ಟೇ ಸಂಬಳ. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಒಂದು ಹೇಳುತ್ತದೆ, ರಾಜಿ ಆಗದಿದ್ದರೆ ಮೂವರು ಪಂಚರು ಕೂತು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತ ಹೇಳುವ ಹಾಗೇ ಇಲ್ಲ. 2025ರಲ್ಲಿ ಸ್ಕೂಬಲ್ ಸಂಬಳ 1.015 ಕೋಟಿ ಡಾಲರ್ ಇತ್ತು. ಈ ವರ್ಷಕ್ಕೆ ಅವನು ಕೇಳಿರುವುದು 3.2 ಕೋಟಿ, ಟೈಗರ್ಸ್ ಹೇಳಿರುವುದು 1.9 ಕೋಟಿ. ಇಷ್ಟು ದೊಡ್ಡ ಅಂತರ ನೋಡಿಯೇ ನಿಮ್ಮ ಆಫೀಸಿನವರಿಗೆ "ಇವರಿಬ್ಬರ ಸಂಬಂಧ ಮುಗಿಯಿತು" ಅನ್ನಿಸಿರಬೇಕು.

ಆರು ವರ್ಷ ತುಂಬಿದ ಮೇಲೆ ಅವನು ಸ್ವತಂತ್ರ. ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಹಳೆಯ ತಂಡ ಅವನಿಗೆ ಒಂದು ವರ್ಷದ ನಿಗದಿತ ಆಫರ್ ಕೊಟ್ಟು (ಈ ಚಳಿಗಾಲದಲ್ಲಿ ಅದು 2.2025 ಕೋಟಿ ಡಾಲರ್ ಇತ್ತು), ಅವನು ಅದನ್ನು ಬೇಡ ಅಂದು ಬೇರೆ ಕಡೆ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದರೆ, ಪರಿಹಾರವಾಗಿ ಡ್ರಾಫ್ಟ್‌ನಲ್ಲಿ ಒಬ್ಬ ಹೊಸ ಹುಡುಗನನ್ನು ಹೆಚ್ಚುವರಿಯಾಗಿ ಆರಿಸುವ ಅವಕಾಶ ಸಿಗುತ್ತದೆ. ಅಷ್ಟೇ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆಮೇಲೆ ಈ ಪರಿಹಾರ ಹೀಗೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಐಪಿಎಲ್ ನೋಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಹೋದಾಗ ಕೈಬದಲಾದದ್ದು ದುಡ್ಡು. ಬೇಸ್‌ಬಾಲ್‌ನಲ್ಲಿ ದೊಡ್ಡ ಆಟಗಾರನಿಗೆ ದುಡ್ಡು ಕೊಟ್ಟು ಕರೆದುಕೊಂಡು ಹೋಗುವ ಪದ್ಧತಿ ಇಲ್ಲ. ಅವನ ಬದಲು ಬೇರೆ ಆಟಗಾರರನ್ನೇ ಕೊಡಬೇಕು. ಹೆಚ್ಚಾಗಿ ಮೈನರ್ ಲೀಗ್‌ನಲ್ಲಿ (ಮೇಜರ್ ಲೀಗ್‌ಗೆ ಕೆಳಗಿನ ಹಂತ) ಆಡುತ್ತಿರುವ ಹತ್ತೊಂಬತ್ತು, ಇಪ್ಪತ್ತೆರಡು ವರ್ಷದ ಹುಡುಗರನ್ನು. ಅಂದರೆ ಇವತ್ತು ಹಣ್ಣು ಬಿಟ್ಟಿರುವ ಮರ ಕೊಟ್ಟು ನಾಲ್ಕು ಸಸಿ ತರುವ ವ್ಯವಹಾರ. ಸಸಿಗಳಲ್ಲಿ ಯಾವುದು ಮರ ಆಗುತ್ತದೆ ಅಂತ ಹೇಳುವುದಕ್ಕೆ ಎಂಥ ಪಳಗಿದ ಕಣ್ಣಿಗೂ ಕಷ್ಟ.

ಈಗ ಡೆಟ್ರಾಯಿಟ್‌ಗೆ ಬರೋಣ.

ಸ್ಕೂಬಲ್ 2024ರಲ್ಲೂ 2025ರಲ್ಲೂ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಸೈ ಯಂಗ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ, ಗೆದ್ದವನು. ಕಳೆದ ವರ್ಷ 31 ಪಂದ್ಯ ಶುರು ಮಾಡಿ, 241 ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್ ಆಗುವುದು) ತೆಗೆದು, ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ 2.21 ರನ್ ಮಾತ್ರ ಕೊಟ್ಟ. ಇಷ್ಟೆಲ್ಲಾ ಆದರೂ ಸ್ಟಾರ್ಟಿಂಗ್ ಪಿಚರ್ (ಪಂದ್ಯ ಶುರು ಮಾಡುವವನು) ಬರುವುದು ಐದಾರು ದಿನಕ್ಕೊಮ್ಮೆ. 162 ಪಂದ್ಯದಲ್ಲಿ 131 ಪಂದ್ಯ ಅವನಿಲ್ಲದೆ ಶುರುವಾದವು. "ಐದರಲ್ಲಿ ನಾಲ್ಕು ದಿನ ಬೆಂಚಿನ ಮೇಲೆ ಕೂರುವವನಿಗೆ ಇಷ್ಟೊಂದು ಬೆಲೆ ಯಾಕೆ" ಅನ್ನುವ ವಾದ ಹುಟ್ಟುವುದು ಇಲ್ಲಿಂದಲೇ.

ಅದಕ್ಕೆ ಕಳೆದ ವರ್ಷದ ಅಂಕಪಟ್ಟಿಯೇ ಉತ್ತರ. ಟೈಗರ್ಸ್ 87 ಗೆದ್ದು 75 ಸೋತರು. ಹ್ಯೂಸ್ಟನ್ ಆಸ್ಟ್ರೋಸ್ ಕೂಡ 87 ಗೆದ್ದು 75 ಸೋತರು. ಪ್ಲೇಆಫ್‌ಗೆ ಹೋದದ್ದು ಟೈಗರ್ಸ್, ಯಾಕೆಂದರೆ ಇಬ್ಬರ ಮುಖಾಮುಖಿಯಲ್ಲಿ ಅವರು ಮುಂದಿದ್ದರು. ಹ್ಯೂಸ್ಟನ್ ಮನೆಗೆ ಹೋಯಿತು. ಸ್ಕೂಬಲ್ ಜಾಗದಲ್ಲಿ ಸಾಧಾರಣ ಪಿಚರ್ ಇದ್ದಿದ್ದರೆ ವರ್ಷಕ್ಕೆ ಐದಾರು ಗೆಲುವಾದರೂ ಕಡಿಮೆ ಆಗುತ್ತಿತ್ತು. ಒಂದು ಕಡಿಮೆ ಆಗಿದ್ದರೂ ಸಾಕಿತ್ತು, ನಿಮ್ಮ ಮಗ ಅಕ್ಟೋಬರ್‌ನಲ್ಲಿ ಟಿವಿ ಹಾಕುವ ಅಗತ್ಯವೇ ಇರುತ್ತಿರಲಿಲ್ಲ.

ಅಕ್ಟೋಬರ್ ಬಂದ ಮೇಲಂತೂ, ಅಂದರೆ ಪ್ಲೇಆಫ್ ಹೊತ್ತಿಗೆ, ಲೆಕ್ಕವೇ ಬದಲಾಗುತ್ತದೆ. ಐದು ಪಂದ್ಯದ ಸರಣಿಯಲ್ಲಿ ಒಬ್ಬನೇ ಪಿಚರ್ ಎರಡು ಸಲ ಬರಬಹುದು. ಐದು ದಿನಕ್ಕೊಮ್ಮೆ ಬರುವವನು ಇದ್ದಕ್ಕಿದ್ದ ಹಾಗೆ ತಂಡದ ಅರ್ಧ ಭಾರ ಹೊರುತ್ತಾನೆ. ಕಳೆದ ಸೆಪ್ಟೆಂಬರ್ 30ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅವನು 14 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಟೈಗರ್ಸ್ 2-1ರಿಂದ ಗೆದ್ದರು. ಆಮೇಲೆ ಅಕ್ಟೋಬರ್ 10, ಸಿಯಾಟಲ್‌ನಲ್ಲಿ ಐದನೇ ಪಂದ್ಯ. ಆರು ಇನ್ನಿಂಗ್ಸ್, 13 ಸ್ಟ್ರೈಕ್‌ಔಟ್, ಕೊಟ್ಟದ್ದು ಒಂದೇ ರನ್. ಅವನು ಚೆಂಡು ಕೊಟ್ಟು ಹೊರಗೆ ಬಂದಾಗ ತಂಡ 2-1 ಮುಂದಿತ್ತು. ಆಮೇಲೆ ಸ್ಕೋರ್ ಸಮ ಆಯಿತು, ಆಟ ಹದಿನೈದನೇ ಇನ್ನಿಂಗ್ಸ್‌ವರೆಗೆ ಎಳೆಯಿತು, 3-2ಕ್ಕೆ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ. ಆ ರಾತ್ರಿ ನೋಡಿದವರಿಗೆ ಒಂದು ವಿಷಯ ಅರ್ಥ ಆಗಿರುತ್ತದೆ. ಈ ತಂಡಕ್ಕೆ ಬೇಕಿರುವುದು ಸ್ಕೂಬಲ್ ಬದಲಿಗೆ ನಾಲ್ಕು ಹುಡುಗರಲ್ಲ, ಸ್ಕೂಬಲ್ ಜೊತೆಗೆ ಇನ್ನೊಬ್ಬ ಪಿಚರ್ ಮತ್ತು ಇಬ್ಬರು ಹೊಡೆಯುವವರು.

ಡೆಟ್ರಾಯಿಟ್‌ಗೆ ಈ ಸಂಕಟ ಹೊಸದೂ ಅಲ್ಲ. 2014ರ ಮಾರ್ಚ್‌ನಲ್ಲಿ ಮ್ಯಾಕ್ಸ್ ಶೆರ್ಜರ್‌ಗೆ ಆರು ವರ್ಷಕ್ಕೆ 14.4 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಅವನು ಹಿಂದಿನ ವರ್ಷ 21 ಪಂದ್ಯ ಗೆದ್ದು ಸೈ ಯಂಗ್ ಪಡೆದಿದ್ದ. ಒಪ್ಪಲಿಲ್ಲ. ಅವನ ಏಜೆಂಟ್ ಸ್ಕಾಟ್ ಬೋರಾಸ್. ಸ್ಕೂಬಲ್‌ಗೂ ಅವರೇ ಏಜೆಂಟ್. ತಂಡ ಶೆರ್ಜರ್‌ನನ್ನು ಮಾರಲಿಲ್ಲ, ಅಂದರೆ ಟ್ರೇಡ್ ಮಾಡಲಿಲ್ಲ, ಇಟ್ಟುಕೊಂಡಿತು. ಅಷ್ಟೇ ಅಲ್ಲ, ಜುಲೈ 31ಕ್ಕೆ ಟ್ಯಾಂಪಾ ಬೇಯಿಂದ ಡೇವಿಡ್ ಪ್ರೈಸ್‌ನನ್ನೂ ತಂದಿತು. ಶೆರ್ಜರ್, ಜಸ್ಟಿನ್ ವರ್ಲ್ಯಾಂಡರ್, ಪ್ರೈಸ್: ಮೂವರೂ ಸೈ ಯಂಗ್ ಗೆದ್ದವರು. ಡಿವಿಷನ್ (ಐದು ತಂಡಗಳ ಗುಂಪು) ಗೆದ್ದರು. ಪ್ಲೇಆಫ್‌ನಲ್ಲಿ ಬಾಲ್ಟಿಮೋರ್ ಎದುರು ಇದೇ ಮೂವರು ಒಂದೊಂದು ಪಂದ್ಯ ಶುರು ಮಾಡಿದರು, ಮೂರನ್ನೂ ಸೋತರು. ಜನವರಿಯಲ್ಲಿ ಶೆರ್ಜರ್ ಏಳು ವರ್ಷಕ್ಕೆ 21 ಕೋಟಿ ಡಾಲರ್‌ಗೆ ವಾಷಿಂಗ್ಟನ್‌ಗೆ ಹೋದ. ಅಲ್ಲಿ ಇನ್ನೆರಡು ಸೈ ಯಂಗ್ ಗೆದ್ದ, 2019ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದ. ಡೆಟ್ರಾಯಿಟ್‌ಗೆ ಪರಿಹಾರವಾಗಿ ಸಿಕ್ಕಿದ ಆಯ್ಕೆಯಲ್ಲಿ ಕ್ರಿಸ್ಟಿನ್ ಸ್ಟೂವರ್ಟ್ ಎಂಬ ಬ್ಯಾಟರ್ ಬಂದ. ಮೇಜರ್ ಲೀಗ್‌ನಲ್ಲಿ ಅವನು ಹೆಚ್ಚು ದಿನ ನಿಲ್ಲಲಿಲ್ಲ.

ಇದನ್ನು ಕೇಳಿದ ಕೂಡಲೇ ಆಫೀಸಿನವರು "ನೋಡಿ, ನಾವು ಹೇಳಲಿಲ್ವಾ" ಅನ್ನಬಹುದು. ನನ್ನ ಅಭಿಪ್ರಾಯ ಬೇರೆ. 2014ರ ನಿರ್ಧಾರ ಸರಿಯಾಗಿಯೇ ಇತ್ತು, ಫಲ ಸಿಗಲಿಲ್ಲ. ಮೂರು ಪಂದ್ಯದ ಸೋಲು ನೋಡಿ ಇಡೀ ವರ್ಷದ ಯೋಚನೆಯೇ ತಪ್ಪು ಅನ್ನುವುದು ನ್ಯಾಯ ಅಲ್ಲ.

ಮುಂದಿನ ವರ್ಷ ಅದೇ ತಂಡ ಉಲ್ಟಾ ದಾರಿ ಹಿಡಿಯಿತು. 2015ರ ಜುಲೈನಲ್ಲಿ ತಂಡ ಸೋಲುತ್ತಿತ್ತು, ಪ್ರೈಸ್ ಫ್ರೀ ಏಜೆಂಟ್ ಆಗಲು ಕೆಲವೇ ತಿಂಗಳಿತ್ತು. ಟೊರಾಂಟೊಗೆ ಕೊಟ್ಟು ಮೂವರು ಎಡಗೈ ಪಿಚರ್ ಹುಡುಗರನ್ನು ತಂದರು. ಆಗ ಎಲ್ಲರೂ ಮಾತಾಡಿದ್ದು ಡೇನಿಯಲ್ ನಾರಿಸ್ ಬಗ್ಗೆ, ಹೆಚ್ಚು ಕಾಲ ತಂಡಕ್ಕೆ ಆಸರೆ ಆದದ್ದು ಮ್ಯಾಥ್ಯೂ ಬಾಯ್ಡ್. ಪ್ರೈಸ್ ಟೊರಾಂಟೊದಲ್ಲಿ 9 ಗೆದ್ದು ಒಂದೇ ಸೋತ. ಆ ಊರು 1993ರ ನಂತರ ಮೊದಲ ಸಲ ಪ್ಲೇಆಫ್ ನೋಡಿತು. ಆದರೂ ಡೆಟ್ರಾಯಿಟ್ ಮಾಡಿದ್ದು ತಪ್ಪಲ್ಲ, ಯಾಕೆಂದರೆ ಆ ವರ್ಷ ಅವರಿಗೆ ಅಕ್ಟೋಬರ್ ಇರಲೇ ಇಲ್ಲ. ಡಿವಿಷನ್‌ನಲ್ಲಿ ಕೊನೆಯ ಜಾಗದಲ್ಲಿ ಮುಗಿಸಿದರು.

ಇನ್ನು 2017ರ ಆಗಸ್ಟ್ 31. ರಾತ್ರಿ ಟ್ರೇಡ್ ಗಡುವು ಮುಗಿಯಲು ಕೆಲವೇ ಕ್ಷಣ ಇರುವಾಗ ವರ್ಲ್ಯಾಂಡರ್‌ನನ್ನು ಹ್ಯೂಸ್ಟನ್‌ಗೆ ಕಳಿಸಿದರು. ಅವನ ಒಪ್ಪಂದ ಇನ್ನೂ ಎರಡು ವರ್ಷ ಇತ್ತು, ಹಾಗಾಗಿ ನಿಮ್ಮ ಪ್ರಶ್ನೆಗೆ ಇದು ಪೂರ್ತಿ ಹೊಂದುವುದಿಲ್ಲ. ಆದರೂ ಬದಲಿಗೆ ಬಂದವರನ್ನು ನೋಡಿ. ಮುಖ್ಯ ಹೆಸರು ಫ್ರಾಂಕ್ಲಿನ್ ಪೆರೆಸ್, ಆಗ ಎಲ್ಲ ಪಟ್ಟಿಯಲ್ಲೂ ಇದ್ದ ಹುಡುಗ. ಗಾಯದ ಮೇಲೆ ಗಾಯ ಆಗಿ ಟೈಗರ್ಸ್ ಪರ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಉಳಿದುಕೊಂಡವನು ಕ್ಯಾಚರ್ (ವಿಕೆಟ್ ಕೀಪರ್ ಹಾಗೆ) ಜೇಕ್ ರಾಜರ್ಸ್, ಕಳೆದ ವರ್ಷವೂ ಟೈಗರ್ಸ್‌ಗೇ ಆಡಿದ. ಹ್ಯೂಸ್ಟನ್ ಆ ಶರತ್ಕಾಲದಲ್ಲೇ ವರ್ಲ್ಡ್ ಸೀರೀಸ್ ಗೆದ್ದಿತು.

ಹಾಗಂತ ಮಾರಿದವರೆಲ್ಲಾ ಕೆಟ್ಟರು ಅಂತ ಅಲ್ಲ. ಗಾಳಿ ಬಂದಾಗ ತೂರಿಕೊಂಡವರೂ ಇದ್ದಾರೆ. 2002ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಬಾರ್ಟೊಲೊ ಕೊಲೊನ್‌ನನ್ನು ಮಾಂಟ್ರಿಯಲ್‌ಗೆ ಕೊಟ್ಟು, ಮುಂದೆ ದೊಡ್ಡ ಹೆಸರು ಮಾಡಿದ ಕ್ಲಿಫ್ ಲೀ, ಗ್ರೇಡಿ ಸೈಜ್‌ಮೋರ್, ಬ್ರ್ಯಾಂಡನ್ ಫಿಲಿಪ್ಸ್ ಮೂವರನ್ನೂ ಒಟ್ಟಿಗೆ ಪಡೆಯಿತು. ಕನ್ಸಾಸ್ ಸಿಟಿ 2010ರ ಡಿಸೆಂಬರ್‌ನಲ್ಲಿ ಜ್ಯಾಕ್ ಗ್ರೈಂಕಿಯನ್ನು ಮಿಲ್ವಾಕಿಗೆ ಕೊಟ್ಟಿತು. ಬಂದವರಲ್ಲಿ ಲೊರೆಂಜೊ ಕೇನ್ ಮತ್ತು ಆಲ್ಸಿಡಿಸ್ ಎಸ್ಕೋಬಾರ್ ಇದ್ದರು. ಇನ್ನೊಬ್ಬ ಹುಡುಗ ಜೇಕ್ ಒಡೊರಿಜಿಯನ್ನು ಎರಡು ವರ್ಷ ಬಿಟ್ಟು ಬೇರೆ ಟ್ರೇಡ್‌ನಲ್ಲಿ ಸೇರಿಸಿ ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಇಬ್ಬರನ್ನೂ ತಂದರು. 2014ರಲ್ಲಿ ವರ್ಲ್ಡ್ ಸೀರೀಸ್‌ಗೆ ಹೋದರು, 2015ರಲ್ಲಿ ಗೆದ್ದೇಬಿಟ್ಟರು. ಒಬ್ಬ ಪಿಚರ್ ಮಾರಿ ಇಡೀ ಊರಿಗೆ ಮೂವತ್ತು ವರ್ಷದ ನಂತರ ಕಪ್ ತಂದ ಕಥೆ ಇದು, ನನಗೆ ಬಹಳ ಇಷ್ಟ. ಆದರೆ ಎರಡು ವಿಷಯ ಗಮನಿಸಿ. ಒಂದು, ಕನ್ಸಾಸ್ ಸಿಟಿ ಆಗ ಸೋಲುತ್ತಿದ್ದ ತಂಡ, ಗ್ರೈಂಕಿ ಇದ್ದರೂ ಅಕ್ಟೋಬರ್ ಕನಸಿರಲಿಲ್ಲ. ಇನ್ನೊಂದು, ಕೊಟ್ಟಾಗ ಅವನ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಕೊಳ್ಳುವವರಿಗೆ ಎರಡು ವರ್ಷ ಸಿಗುತ್ತದೆ ಅಂದಾಗ ಜೇಬು ದೊಡ್ಡದಾಗಿ ಬಿಚ್ಚುತ್ತಾರೆ. ಸ್ಕೂಬಲ್‌ಗೆ ಉಳಿದಿರುವುದು ಒಂದೇ ವರ್ಷ. ಒಳ್ಳೆಯ ಬೆಲೆಯ ಹೊತ್ತು ಹೋದ ಚಳಿಗಾಲಕ್ಕೇ ದಾಟಿತು. ಆಗ ಪ್ಲೇಆಫ್ ಆಡಿ ಬಂದ ತಂಡಕ್ಕೆ ಮಾರು ಅನ್ನುವ ಧೈರ್ಯ ಯಾರಿಗಿತ್ತು ಹೇಳಿ.

ಒಂದು ವರ್ಷ ಉಳಿದಾಗ ಮಾರುವುದರಲ್ಲಿ ಈಗ ಮಿಲ್ವಾಕಿಯವರೇ ಪಳಗಿದವರು. 2024ರ ಫೆಬ್ರವರಿಯಲ್ಲಿ ಕಾರ್ಬಿನ್ ಬರ್ನ್ಸ್‌ನನ್ನು ಬಾಲ್ಟಿಮೋರ್‌ಗೆ ಕೊಟ್ಟು ಶಾರ್ಟ್‌ಸ್ಟಾಪ್ ಜೋಯಿ ಓರ್ಟಿಸ್, ಪಿಚರ್ ಡಿಎಲ್ ಹಾಲ್ ಮತ್ತು ಒಂದು ಡ್ರಾಫ್ಟ್ ಆಯ್ಕೆ ಪಡೆದರು. ಆ ವರ್ಷವೂ ಡಿವಿಷನ್ ಗೆದ್ದರು, 2025ರಲ್ಲಿ 97 ಪಂದ್ಯ ಗೆದ್ದು ಇಡೀ ಲೀಗ್‌ನಲ್ಲೇ ಮೊದಲು ಬಂದರು. ಈ ಜನವರಿಯಲ್ಲಿ ಫ್ರೆಡ್ಡಿ ಪೆರಾಲ್ಟಾನನ್ನೂ ಹಾಗೇ ನ್ಯೂಯಾರ್ಕ್ ಮೆಟ್ಸ್‌ಗೆ ಕಳಿಸಿದರು. "ಅವರಿಗೆ ಆಗುತ್ತದೆ, ನಮಗೆ ಯಾಕೆ ಆಗಲ್ಲ" ಅಂತ ಆಫೀಸಿನಲ್ಲಿ ಕೇಳಿರುತ್ತಾರೆ, ಅಲ್ವಾ? ಅವರಿಗೆ ಆಗುವುದು ಯಾಕೆಂದರೆ ಮಿಲ್ವಾಕಿ ವರ್ಷವರ್ಷ ಹೊಸ ಪಿಚರ್‌ಗಳನ್ನು ಬೆಳೆಸಿ ಇಟ್ಟುಕೊಂಡಿರುತ್ತದೆ. ಒಬ್ಬ ಹೋದರೆ ಆ ಜಾಗಕ್ಕೆ ಬರುವವನು ಹಿಂದೆಯೇ ನಿಂತಿರುತ್ತಾನೆ. ಡೆಟ್ರಾಯಿಟ್‌ನಲ್ಲಿ ಸ್ಕೂಬಲ್ ಹಿಂದೆ ನಿಂತಿರುವವರು ಯಾರೂ ಅವನ ಹತ್ತಿರಕ್ಕೂ ಬರುವುದಿಲ್ಲ. ಅದೇ ಬರ್ನ್ಸ್‌ನ ಮುಂದಿನ ಕಥೆಯನ್ನೂ ಹೇಳಬೇಕು. ಬಾಲ್ಟಿಮೋರ್ ಪರ ಪ್ಲೇಆಫ್‌ನಲ್ಲಿ ಎಂಟು ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟು 1-0ಕ್ಕೆ ಸೋತ, ಆಮೇಲೆ ಆರು ವರ್ಷಕ್ಕೆ 21 ಕೋಟಿ ಡಾಲರ್‌ಗೆ ಅರಿಜೋನಾಗೆ ಹೋದ, 2025ರ ಜೂನ್‌ನಲ್ಲಿ ಮೊಣಕೈ ಆಪರೇಷನ್ ಆಯಿತು.

ಈ ಮೊಣಕೈ ವಿಷಯವೇ ಮಾರಬೇಕು ಅನ್ನುವವರ ಅತಿ ಗಟ್ಟಿ ವಾದ. ಪಿಚರ್‌ನ ತೋಳು ಯಾವತ್ತು ಕೈಕೊಡುತ್ತದೆ ಅಂತ ಹೇಳಲಾಗುವುದಿಲ್ಲ. ಸ್ಕೂಬಲ್‌ಗೆ ಕಾಲೇಜಿನಲ್ಲಿದ್ದಾಗಲೇ 2016ರಲ್ಲಿ ಮೊಣಕೈ ಆಪರೇಷನ್ ಆಗಿದೆ, 2022ರಲ್ಲಿ ಮುಂಗೈ ಸ್ನಾಯುವಿಗೆ ಇನ್ನೊಂದು. ಮೇ ತಿಂಗಳಲ್ಲಿ ಏನಾದರೂ ಆದರೆ ಟೈಗರ್ಸ್‌ಗೆ ಪಿಚರ್ರೂ ಇಲ್ಲ, ಬದಲಿ ಹುಡುಗರೂ ಇಲ್ಲ. ಈ ಭಯ ನಿಜವಾದದ್ದು, ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಇಟ್ಟುಕೊಳ್ಳಬೇಕು ಅಂದರೆ ಈ ಭಯವನ್ನೂ ಇಟ್ಟುಕೊಳ್ಳಬೇಕು. ಉದ್ದದ ಒಪ್ಪಂದ ಮಾಡಿ ಉಳಿಸಿಕೊಳ್ಳಬಹುದಲ್ಲಾ ಅಂತ ಮಗ ಕೇಳಿದರೂ ನನ್ನ ಅರ್ಧ ಉತ್ತರ ಇದೇ. ಈ ನವೆಂಬರ್‌ಗೆ ಅವನಿಗೆ 30 ತುಂಬುತ್ತದೆ. ಪಿಚರ್ ಯೋಶಿನೊಬು ಯಮಮೊಟೊಗೆ ಡಾಡ್ಜರ್ಸ್ 12 ವರ್ಷಕ್ಕೆ 32.5 ಕೋಟಿ ಡಾಲರ್ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಸ್ಕೂಬಲ್ ಅದನ್ನೂ ದಾಟುತ್ತಾನೆ ಅನ್ನುವುದು ನನ್ನ ಅಂದಾಜು. ಬಾಸ್ಟನ್ ತಂಡ ಗ್ಯಾರೆಟ್ ಕ್ರೋಶೆಗೆ ಆರು ವರ್ಷಕ್ಕೆ 17 ಕೋಟಿ ಕೊಟ್ಟು ಕಟ್ಟಿಹಾಕಿದ್ದು ಅವನು ಫ್ರೀ ಏಜೆಂಟ್ ಆಗಲು ಇನ್ನೂ ಎರಡು ಸೀಸನ್ ಇದ್ದಾಗ. ಮಾರುಕಟ್ಟೆ ಬಾಗಿಲಲ್ಲಿ ನಿಂತ ಆಟಗಾರ ಒಳಗೆ ಏನಿದೆ ಅಂತ ನೋಡದೆ ಹಿಂತಿರುಗುವುದು ಅಪರೂಪ.

ಇಟ್ಟುಕೊಂಡು ಕೈಸುಟ್ಟುಕೊಂಡ ದೊಡ್ಡ ಉದಾಹರಣೆ ಅಂದರೆ ಲಾಸ್ ಏಂಜಲಿಸ್ ಏಂಜಲ್ಸ್. 2023ರ ಜುಲೈನಲ್ಲಿ ಶೊಹೆ ಒಟಾನಿಯನ್ನು ಮಾರುವುದಿಲ್ಲ ಅಂದರು. ಸಾಲದು ಅಂತ ತಮ್ಮ ಹತ್ತಿರ ಇದ್ದ ಒಳ್ಳೆಯ ಹುಡುಗರನ್ನು ಕೊಟ್ಟು ಬೇರೆ ಪಿಚರ್ ತಂದರು. ಆಗಸ್ಟ್‌ನಲ್ಲಿ ಸಾಲು ಸಾಲು ಸೋಲು. ಆಗಸ್ಟ್ 23ಕ್ಕೆ ಒಟಾನಿ ಮೊಣಕೈಯೂ ಹೋಯಿತು. 73 ಗೆದ್ದು 89 ಸೋತರು. ಡಿಸೆಂಬರ್‌ನಲ್ಲಿ ಅವನು ಅದೇ ಊರಿನ ಡಾಡ್ಜರ್ಸ್‌ಗೆ ಹೋದ, ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಏಂಜಲ್ಸ್‌ಗೆ ಉಳಿದದ್ದು ಒಂದು ಡ್ರಾಫ್ಟ್ ಆಯ್ಕೆ. ಅವರ ತಪ್ಪು ಏನು? ಒಟಾನಿಯ ಮೇಲೆ ಇಟ್ಟ ಪ್ರೀತಿ ತಪ್ಪಲ್ಲ. ಉಳಿದ ತಂಡ ಎಂಥದ್ದು ಅಂತ ಕಣ್ಣುಬಿಟ್ಟು ನೋಡಲಿಲ್ಲ.

ಅದಕ್ಕೇ ನಾನು ಪಿಚರ್ ಎಷ್ಟು ದೊಡ್ಡವನು ಅಂತ ಮೊದಲು ಕೇಳುವುದಿಲ್ಲ, ಸುತ್ತ ಇರುವವರು ಯಾರು ಅಂತ ಕೇಳುತ್ತೇನೆ. ಡೆಟ್ರಾಯಿಟ್ 2014ರ ನಂತರ ಒಂಬತ್ತು ಸೀಸನ್ ಪ್ಲೇಆಫ್ ನೋಡಲಿಲ್ಲ. 2019ರಲ್ಲಿ 114 ಪಂದ್ಯ ಸೋತಿತ್ತು. ಈಗ ಎರಡು ವರ್ಷ ಸತತವಾಗಿ ಹೋಗಿದೆ. ರೈಲಿ ಗ್ರೀನ್ ಕಳೆದ ವರ್ಷ 36 ಹೋಮ್ ರನ್ ಹೊಡೆದ. ಕೆರಿ ಕಾರ್ಪೆಂಟರ್ ಇದ್ದಾನೆ, ಕ್ಯಾಚರ್ ಡಿಲನ್ ಡಿಂಗ್ಲರ್ ಇದ್ದಾನೆ. ಮೈನರ್ ಲೀಗ್‌ನಲ್ಲಿ ಕೆವಿನ್ ಮೆಕ್‌ಗೋನಿಗಲ್, ಮ್ಯಾಕ್ಸ್ ಕ್ಲಾರ್ಕ್ ಬಾಗಿಲು ತಟ್ಟುತ್ತಿದ್ದಾರೆ. ಸಸಿ ಮನೆಯಲ್ಲೇ ಇರುವಾಗ ಹಣ್ಣಿನ ಮರ ಕೊಟ್ಟು ಇನ್ನಷ್ಟು ಸಸಿ ತರುವುದು ಯಾಕೆ? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಸ್ಥಿತಿಯಲ್ಲಿ ಈ ತಂಡ ಎಷ್ಟೋ ವರ್ಷ ಕಳೆದಿದೆ. ಎರಡೂ ಒಟ್ಟಿಗೆ ಸಿಕ್ಕಿರುವ ವರ್ಷ ಇದು. 1984ರ ನಂತರ ಈ ಊರಿಗೆ ವರ್ಲ್ಡ್ ಸೀರೀಸ್ ಕಪ್ ಬಂದಿಲ್ಲ.

ಹಾಗಾದರೆ ಯಾವತ್ತೂ ಮಾರಬಾರದಾ? ಜುಲೈ ಮಧ್ಯದಲ್ಲಿ ತಂಡ ವೈಲ್ಡ್ ಕಾರ್ಡ್ ಜಾಗಕ್ಕಿಂತ (ಡಿವಿಷನ್ ಗೆಲ್ಲದವರಿಗೆ ಪ್ಲೇಆಫ್‌ನಲ್ಲಿ ಸಿಗುವ ಜಾಗ) ಏಳೆಂಟು ಪಂದ್ಯ ಹಿಂದೆ ಬಿದ್ದಿದ್ದರೆ ನಾನು ಒಂದು ದಿನವೂ ಕಾಯುವುದಿಲ್ಲ, ಮಾರುತ್ತೇನೆ. ಬೆಲೆ ಈಗಿನಷ್ಟು ಬರುವುದಿಲ್ಲ. ಸೀಸನ್ ನಡುವೆ ಬಂದ ಆಟಗಾರನಿಗೆ ಹೊಸ ತಂಡ ಆ ನಿಗದಿತ ಆಫರ್ ಕೊಡುವ ಹಾಗಿಲ್ಲ, ಹಾಗಾಗಿ ಕೊಳ್ಳುವವರಿಗೆ ಸಿಗುವುದು ಎರಡು ತಿಂಗಳು ಮತ್ತು ಅಕ್ಟೋಬರ್ ಮಾತ್ರ. ಆದರೂ ಕೊಡುವವರು ಸಿಗುತ್ತಾರೆ. 2008ರ ಜುಲೈನಲ್ಲಿ ಮಿಲ್ವಾಕಿ ಸಿಸಿ ಸಬಾತಿಯಾನನ್ನು ತಂದಾಗ ಅವನು 11 ಗೆದ್ದು ಎರಡೇ ಸೋತು, 26 ವರ್ಷದ ನಂತರ ಆ ಊರಿಗೆ ಪ್ಲೇಆಫ್ ತೋರಿಸಿದ. ಮಾರಿದ ಕ್ಲೀವ್‌ಲ್ಯಾಂಡ್‌ಗೆ ಮುಖ್ಯವಾಗಿ ಬಂದವನು ಮ್ಯಾಟ್ ಲಪೋರ್ಟಾ, ಅವನು ಏನೂ ಆಗಲಿಲ್ಲ. ಹೆಸರು ಆಮೇಲೆ ಹೇಳುತ್ತೇವೆ ಅಂತ ಬಾಕಿ ಇಟ್ಟಿದ್ದ ಹುಡುಗ ಮೈಕಲ್ ಬ್ರ್ಯಾಂಟ್ಲಿ. ಅವನು ಹತ್ತು ವರ್ಷ ಅಲ್ಲಿ ಆಡಿದ, 2014ರಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಮತದಲ್ಲಿ ಮೂರನೆಯವನಾದ. ಸ್ಕೂಬಲ್ ಕೂಡ 2018ರಲ್ಲಿ ಒಂಬತ್ತನೇ ಸುತ್ತಿನವರೆಗೂ ಯಾರೂ ಆರಿಸದೆ ಉಳಿದ ಹುಡುಗ. ಪಟ್ಟಿಯ ಮೇಲಿನ ಒಂದು ಹೆಸರಿಗೆ ಜೋತುಬೀಳದೆ, ಮೇಜರ್ ಲೀಗ್ ಹತ್ತಿರ ಬಂದಿರುವ ಮೂವರನ್ನು ಕೇಳಬೇಕು ಅಂತ ನಾನು ಹೇಳುವುದು ಇದಕ್ಕೇ.

2024ರಲ್ಲಿ ಟೈಗರ್ಸ್ ಜುಲೈ ಕೊನೆಗೆ ಜ್ಯಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್‌ಗೆ ಮಾರಿದರು, ಸ್ಕೂಬಲ್‌ನನ್ನು ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ ಒಂದು ಹಂತಕ್ಕೆ 55 ಗೆಲುವು, 63 ಸೋಲು. ಅಲ್ಲಿಂದ 31 ಗೆದ್ದು 13 ಮಾತ್ರ ಸೋತು ಪ್ಲೇಆಫ್‌ಗೆ ಹೋದರು. ಫ್ಲಾಹರ್ಟಿ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು ಮುಂದಿನ ವರ್ಷ ಡೆಟ್ರಾಯಿಟ್‌ಗೇ ವಾಪಸ್ ಬಂದ. ಮಗನಿಗೆ ಇದನ್ನು ಹೇಳಿ, ಸ್ವಲ್ಪ ಸಮಾಧಾನ ಆಗಬಹುದು.

ಏಪ್ರಿಲ್‌ನಲ್ಲಿ ಒಂದು ದಿನ ಸ್ಕೂಬಲ್ ಸರದಿ ನೋಡಿಕೊಂಡು ಮಗನನ್ನು ಟೈಗರ್ಸ್ ಮೈದಾನ ಕೊಮೆರಿಕಾ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಒಂದು ಗಂಟೆ ಮುಂಚೆಯೇ ಒಳಗೆ ಇರಿ. ಎಡಗಡೆ ಬೇಲಿಯ ಹಿಂದೆ ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಜಾಗ ಇದೆ. ಅಲ್ಲಿ ನಿಂತರೆ ಕ್ಯಾಚರ್‌ನ ಗ್ಲೌಸಿಗೆ ಚೆಂಡು ಬೀಳುವ ಸದ್ದು ಕೇಳಿಸುತ್ತದೆ.